ಸ್ಲೋ ಕುಕ್ಕರಿನಲ್ಲಿ ಸಿಹಿ-ಹುಳಿ ಮೀಟ್‌ಬಾಲ್: ಉಂಡೆ ಒಡೆಯದಂತೆ, ಸಾಸ್ ನೀರಾಗದಂತೆ

ಸ್ಲೋ ಕುಕ್ಕರ್, ಅಂದರೆ ಗಂಟೆಗಟ್ಟಲೆ ಮೆಲ್ಲಗೆ ಬೇಯಿಸುವ ಕರೆಂಟಿನ ಪಾತ್ರೆ, ಇರುವುದೇ ಎಲ್ಲವನ್ನೂ ಒಟ್ಟಿಗೆ ಸುರಿದು ಮರೆತುಬಿಡಲು ಅಂತ ನಾನೂ ನಂಬಿದ್ದೆ. ಮೊದಲ ಸಲ ಹಾಗೇ ಮಾಡಿದೆ. ಹಸಿ ಕೈಮಾದ ಉಂಡೆ, ಆಗಷ್ಟೇ ಹೆಚ್ಚಿದ ಅನಾನಸ್, ಕ್ಯಾಪ್ಸಿಕಂ, ಕೆಚಪ್, ವಿನೆಗರ್, ಸಕ್ಕರೆ, ಜೊತೆಗೆ ಕಾರ್ನ್‌ಫ್ಲೋರ್. ಬೆಳಿಗ್ಗೆ ಎಲ್ಲವನ್ನೂ ಹಾಕಿ ಮುಚ್ಚಳ ಮುಚ್ಚಿ ನನ್ನ ಪಾಡಿಗೆ ನಾನು ಹೋದೆ.

ಏಳು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಪರಿಮಳವೇನೋ ಚೆನ್ನಾಗಿತ್ತು. ಸೌಟು ಹಾಕಿದ ಕೂಡಲೇ ಉಂಡೆಗಳು ಕರಗಿದ ಹಾಗೆ ಪುಡಿಯಾದವು. ಅಗಿದರೆ ಹಲ್ಲಿಗೆ ಸಿಗುವಂಥದ್ದು ಏನೂ ಇರಲಿಲ್ಲ, ಒದ್ದೆ ಹಿಟ್ಟಿನ ಹಾಗೆ. ಸಾಸ್ ತಿಳಿನೀರು, ಮೇಲೆ ಒಂದು ಬೆರಳು ಎಣ್ಣೆ. ಹಸಿರು ಕ್ಯಾಪ್ಸಿಕಂ ಖಾಕಿ ಬಣ್ಣಕ್ಕೆ ತಿರುಗಿತ್ತು. ತಪ್ಪು ಕುಕ್ಕರಿನದಲ್ಲ. ಅದಕ್ಕೆ ಬಾರದ ಕೆಲಸವನ್ನೆಲ್ಲ ನಾನು ಅದರ ತಲೆಗೆ ಕಟ್ಟಿದ್ದೆ.

ಈ ಪಾತ್ರೆಗೆ ಮೂರು ಕೆಲಸ ಬರುವುದಿಲ್ಲ. ಮಾಂಸವನ್ನು ಕೆಂಪಗೆ ಹುರಿಯಲು ಬರುವುದಿಲ್ಲ. ಸಾಸನ್ನು ಬತ್ತಿಸಲು ಬರುವುದಿಲ್ಲ. ತರಕಾರಿಯ, ಹುಳಿಯ ತಾಜಾತನ ಉಳಿಸಲು ಬರುವುದಿಲ್ಲ. ಈ ಮೂರನ್ನು ನಾವು ಹೊರಗೆ ಅಥವಾ ಕೊನೆಯಲ್ಲಿ ಮಾಡಿಕೊಟ್ಟರೆ, ನಡುವಿನ ನಾಲ್ಕು ಗಂಟೆಯನ್ನು ಅದು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತದೆ.

ಪಾತ್ರೆಯ ಸ್ವಭಾವ ಮೊದಲು ತಿಳಿದಿರಲಿ

ಇದರ ಮೂಲ ಕೇಳಿದರೆ ಸ್ವಭಾವವೂ ಅರ್ಥವಾಗುತ್ತದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬುವರಿಗೆ 1940ರಲ್ಲಿ ಇಂಥ ಪಾತ್ರೆಗೆ ಪೇಟೆಂಟ್ ಸಿಕ್ಕಿತು. ಅದು ಹೆಸರಾದದ್ದು ಕಾಳು ಬೇಯಿಸುವ ಪಾತ್ರೆಯಾಗಿ. ಮುಂದೆ 1970ರಲ್ಲಿ ರೈವಲ್ ಎಂಬ ಕಂಪನಿ ಅವರ ಉದ್ಯಮವನ್ನು ಕೊಂಡುಕೊಂಡು, 1971ರಲ್ಲಿ ಅದನ್ನೇ ಸುಧಾರಿಸಿ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಅಂದರೆ ಹುಟ್ಟಿನಿಂದಲೇ ಇದು ಮೆಲ್ಲಗೆ ಬೇಯಿಸುವ ಪಾತ್ರೆ, ಹುರಿಯುವ ಪಾತ್ರೆ ಅಲ್ಲ.

ಕುಕ್ಕರಿನ ಗುಂಡಿಯಲ್ಲಿ ಲೋ ಅಂದರೆ ಕಡಿಮೆ ಬಿಸಿ, ಹೈ ಅಂದರೆ ಜಾಸ್ತಿ ಬಿಸಿ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹೆಚ್ಚಿನ ಕುಕ್ಕರ್‌ಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಸುಮಾರು ಒಂದೇ ಮಟ್ಟವನ್ನು, ಕುದಿಯುವ ಬಿಂದುವಿನ ಸ್ವಲ್ಪ ಕೆಳಗೆ. ವ್ಯತ್ಯಾಸ ಇರುವುದು ಎಷ್ಟು ಬೇಗ ಅಲ್ಲಿಗೆ ಮುಟ್ಟುತ್ತದೆ ಎನ್ನುವುದರಲ್ಲಿ. ಯಾವುದರಲ್ಲಿ ಇಟ್ಟರೂ ಒಳಗಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಮಾಂಸದ ಮೇಲೆ ಕಂದು ಬಣ್ಣ, ಹುರಿದ ಪರಿಮಳ ಚೆನ್ನಾಗಿ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಹಾಗಾಗಿ ಒಳಗೆ ಎಷ್ಟು ಹೊತ್ತು ಬಿಟ್ಟರೂ ಹಸಿ ಉಂಡೆ ಬೂದು ಬಣ್ಣದಲ್ಲೇ ಬೇಯುತ್ತದೆ.

ಇನ್ನೊಂದು ಮಾತು. ಮುಚ್ಚಳದಡಿ ಎದ್ದ ಹಬೆ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ನೀರು ಆವಿಯಾಗಿ ಹೋಗುವುದೇ ಇಲ್ಲ ಅಂದರೂ ನಡೆಯುತ್ತದೆ. ಮೇಲಾಗಿ ಉಂಡೆಗಳೂ ರಸ ಬಿಡುತ್ತವೆ. ಒಲೆಯ ಮೇಲೆ ಮಾಡುವ ಅಡುಗೆಯ ಅಳತೆಯನ್ನು ಇಲ್ಲಿಗೆ ಹಾಗೇ ತಂದರೆ ಸಾಸ್ ನೀರಾಗುವುದು ಅದಕ್ಕೇ.

ಮೂರೂವರೆಯಿಂದ ನಾಲ್ಕು ಲೀಟರಿನ ಕುಕ್ಕರ್ ಇಲ್ಲಿನ ಅಳತೆಗೆ ಸರಿ. ಪಾತ್ರೆ ಅರ್ಧದಿಂದ ಮೂರನೇ ಎರಡು ಭಾಗದವರೆಗೆ ತುಂಬಿರಬೇಕು. ಆರು ಲೀಟರಿನದು ಇದ್ದರೆ ಎಲ್ಲವನ್ನೂ ಎರಡರಷ್ಟು ಮಾಡಿ. ಇಲ್ಲದಿದ್ದರೆ ಸಾಸ್ ತಳದಲ್ಲಿ ತೆಳ್ಳಗೆ ಹರಡಿಕೊಂಡು, ಅಂಚಿನಲ್ಲಿ ಸಕ್ಕರೆ ಕಪ್ಪಾಗಿ ಕಹಿಯಾಗುತ್ತದೆ.

ಏನೇನು ಬೇಕು

ಸುಮಾರು 30 ಉಂಡೆ ಆಗುತ್ತದೆ. ಊಟಕ್ಕಾದರೆ ಐದಾರು ಜನಕ್ಕೆ ಸಾಕು.

ಉಂಡೆಗೆ:
- ಕೈಮಾ 700 ಗ್ರಾಂ
- ಬ್ರೆಡ್ 2 ಹೋಳು (ಸುಮಾರು 50 ಗ್ರಾಂ), ಹಾಲು 80 ಮಿ.ಲೀ.
- ಮೊಟ್ಟೆ 1
- ಈರುಳ್ಳಿ 1, ಸಣ್ಣಗೆ ಹೆಚ್ಚಿ ಮೆತ್ತಗೆ ಬಾಡಿಸಿ ಆರಿಸಿದ್ದು
- ಬೆಳ್ಳುಳ್ಳಿ 3 ಎಸಳು, ಶುಂಠಿ ಒಂದು ಇಂಚು, ಎರಡನ್ನೂ ತುರಿದುಕೊಳ್ಳಿ
- ಉಪ್ಪು 1¼ ಟೀ ಚಮಚ, ಕಾಳುಮೆಣಸಿನ ಪುಡಿ ½ ಟೀ ಚಮಚ

ಸಾಸಿಗೆ:
- ಡಬ್ಬಿಯ ಅನಾನಸ್ 1 ಡಬ್ಬಿ (ಹಣ್ಣು, ರಸ ಬೇರೆ ಬೇರೆ ಮಾಡಿ; ರಸ ಸುಮಾರು 200 ಮಿ.ಲೀ. ಬೇಕು)
- ಟೊಮೆಟೊ ಕೆಚಪ್ 120 ಮಿ.ಲೀ.
- ವಿನೆಗರ್ 80 ಮಿ.ಲೀ. (60 ಈಗ, 20 ಕೊನೆಗೆ)
- ಬ್ರೌನ್ ಶುಗರ್ 80 ಗ್ರಾಂ
- ಸೋಯಾ ಸಾಸ್ 2 ಟೇಬಲ್ ಚಮಚ
- ಬೆಳ್ಳುಳ್ಳಿ 2 ಎಸಳು, ಶುಂಠಿ ತುರಿ 1 ಟೀ ಚಮಚ, ಒಣಮೆಣಸಿನ ತರಿ ½ ಟೀ ಚಮಚ

ಕೊನೆಯಲ್ಲಿ ಹಾಕಲು:
- ಕೆಂಪು, ಹಸಿರು ಕ್ಯಾಪ್ಸಿಕಂ ಒಂದೊಂದು
- ಕಾರ್ನ್‌ಫ್ಲೋರ್ 2 ಟೇಬಲ್ ಚಮಚ, ತಣ್ಣೀರು 3 ಟೇಬಲ್ ಚಮಚ

ಯಾವ ಮಾಂಸ ಎನ್ನುವುದು ನಿಮಗೆ ಬಿಟ್ಟಿದ್ದು. ಕೊಬ್ಬು ಮಾತ್ರ 15ರಿಂದ 20 ಪರ್ಸೆಂಟ್ ಇರಲಿ. ಪೂರಾ ಕೊಬ್ಬಿಲ್ಲದ ಕೈಮಾ ನಾಲ್ಕು ಗಂಟೆ ಬೆಂದರೆ ರಬ್ಬರಿನ ಹಾಗೆ ಒಣಗುತ್ತದೆ. ಕೋಳಿಯ ಕೈಮಾ ಬಳಸುವುದಾದರೆ ತೊಡೆಯ ಭಾಗದ್ದು ತೊಗೊಳ್ಳಿ, ಎದೆಯ ಭಾಗದ್ದು ಬೇಡ. ವಿನೆಗರ್ ಅಂದರೆ ಇಲ್ಲಿ ಮಾಮೂಲಿ ಬಿಳಿ ವಿನೆಗರ್. ಅಕ್ಕಿಯ ವಿನೆಗರ್ ಸ್ವಲ್ಪ ಮೃದು, ಅದನ್ನು ಹಾಕಿದರೆ ಕೊನೆಗೆ ಒಂದೆರಡು ಚಮಚ ಜಾಸ್ತಿ ಬೇಕಾಗಬಹುದು.

ಉಂಡೆಯ ಹದ

ಬ್ರೆಡ್ಡನ್ನು ಚೂರು ಮಾಡಿ ಹಾಲಿನಲ್ಲಿ ಹತ್ತು ನಿಮಿಷ ನೆನೆಹಾಕಿ, ಫೋರ್ಕಿನಿಂದ ಒತ್ತಿ ಗಂಟಿಲ್ಲದ ಪೇಸ್ಟ್ ಮಾಡಿ. ಇದು ಸುಮ್ನೆ ಮಾಂಸ ಜಾಸ್ತಿ ಕಾಣಲಿ ಅಂತ ಹಾಕುವುದಲ್ಲ. ಬೇಯುವಾಗ ಮಾಂಸದ ಎಳೆಗಳು ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ನೆನೆದ ಬ್ರೆಡ್ ಆ ಎಳೆಗಳ ನಡುವೆ ಕೂತು ಬಿಗಿಯುವುದನ್ನು ತಡೆಯುತ್ತದೆ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಣ ಬ್ರೆಡ್ ಪುಡಿಯನ್ನು ನೇರವಾಗಿ ಹಾಕಿದರೆ ಅದು ಮಾಂಸದ ರಸವನ್ನೇ ಹೀರುತ್ತದೆ, ಫಲ ಉಲ್ಟಾ. ಹಾಲು ಬೇಡ ಅನ್ನುವವರು ನೀರಿನಲ್ಲಿ ನೆನೆಸಬಹುದು.

ಈ ಪೇಸ್ಟಿಗೆ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿ ಮೊದಲು ಚೆನ್ನಾಗಿ ಕಲಸಿ. ಕೈಮಾ ಆಮೇಲೆ. ಮಸಾಲೆ ಎಲ್ಲ ಕಡೆ ಸಮನಾಗಿ ಹರಡಲಿ ಅಂತ ಈ ಕ್ರಮ. ಇಲ್ಲದಿದ್ದರೆ ಅದಕ್ಕಾಗಿ ಮಾಂಸವನ್ನೇ ಜಾಸ್ತಿ ಹೊತ್ತು ನಾದಬೇಕಾಗುತ್ತದೆ.

ಎಷ್ಟು ಕಲಸಬೇಕು? ಬಾಣಲೆಯಲ್ಲಿ ಮಾಡುವ ಮೀಟ್‌ಬಾಲಿಗೆ ಆದಷ್ಟು ಕಡಿಮೆ ಕಲಸಿ ಅನ್ನುತ್ತಾರೆ. ಇಲ್ಲಿ ಉಂಡೆ ಗಂಟೆಗಟ್ಟಲೆ ಸಾಸಿನಲ್ಲಿ ಮುಳುಗಿರಬೇಕು, ಅದಕ್ಕೆ ಹಿಡಿತ ಸ್ವಲ್ಪ ಜಾಸ್ತಿಯೇ ಬೇಕು. ನಾನು ಬೆರಳುಗಳನ್ನು ಅಗಲಿಸಿ ಸುಮಾರು ಒಂದು ನಿಮಿಷ ಕಲಸುತ್ತೇನೆ. ಶುರುವಿನಲ್ಲಿ ಕೈಮಾ ಎಳೆ ಎಳೆಯಾಗಿ ಬಿಡಿ ಬಿಡಿಯಾಗಿರುತ್ತದೆ. ಉಪ್ಪು ಹಿಡಿಯುತ್ತಾ ಹೋದ ಹಾಗೆ ಅಂಟು ಬರುತ್ತದೆ. ಅಂಗೈ ಮೇಲೆ ಒಂದು ಹಿಡಿ ಇಟ್ಟು ಕೈಯನ್ನು ಮಗುಚಿದರೆ ಎರಡು ಕ್ಷಣ ಅಂಟಿಕೊಂಡಿದ್ದು ಆಮೇಲೆ ಬೀಳಬೇಕು. ಅಲ್ಲಿಗೆ ನಿಲ್ಲಿಸಿ. ಅದಕ್ಕೂ ಮೀರಿ ನಾದಿದರೆ ಬೆಂದ ಮೇಲೆ ಉಂಡೆ ನೆಲಕ್ಕೆ ಹಾಕಿದರೆ ಪುಟಿಯುವ ಹಾಗೆ ಆಗುತ್ತದೆ.

ಈಗ ಒಂದು ಚಿಕ್ಕ ತುಂಡನ್ನು ತವಾ ಮೇಲೆ ಬೇಯಿಸಿ ರುಚಿ ನೋಡಿ. ಒಂದು ನಿಮಿಷದ ಕೆಲಸ. ಉಪ್ಪು ಕಮ್ಮಿ ಅಂತ ಈಗ ಗೊತ್ತಾದರೆ ಸರಿಮಾಡಬಹುದು, ಮೂವತ್ತು ಉಂಡೆ ಕಟ್ಟಿದ ಮೇಲೆ ಆಗುವುದಿಲ್ಲ. ಸಾಸಿನಲ್ಲಿ ಸೋಯಾ, ಕೆಚಪ್ ಎರಡರಲ್ಲೂ ಉಪ್ಪಿದೆ, ಹಾಗಾಗಿ ತುಂಡು ಸ್ವಲ್ಪ ಸಪ್ಪೆ ಅನಿಸಿದರೆ ಅದೇ ಸರಿ.

ಕೈ ಒದ್ದೆ ಮಾಡಿಕೊಂಡು ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ. ತಕ್ಕಡಿ ಇದ್ದರೆ ಒಂದೊಂದು 30 ಗ್ರಾಂ. ಗಾತ್ರ ಒಂದೇ ಸಮ ಇರುವುದು ಅಂದಕ್ಕಲ್ಲ, ಎಲ್ಲ ಒಟ್ಟಿಗೆ ಬೇಯಲಿ ಅಂತ. ತಟ್ಟೆಯಲ್ಲಿ ಜೋಡಿಸಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ತಣ್ಣಗಾದ ಕೊಬ್ಬು ಗಟ್ಟಿಯಾಗಿ ಉಂಡೆ ಆಕಾರ ಬಿಡುವುದಿಲ್ಲ. ಹಸಿ ಕೈಮಾ ಮುಟ್ಟಿದ ಕೈ, ಹಲಗೆ, ಬಟ್ಟಲು ಎಲ್ಲವನ್ನೂ ಸೋಪು ಹಾಕಿ ತೊಳೆದೇ ಮುಂದಿನ ಕೆಲಸಕ್ಕೆ ಹೋಗಿ.

ಕೆಂಪಗಾಗಿಸುವುದು

ಇದೊಂದನ್ನು ಬಿಟ್ಟುಬಿಡೋಣ ಅಂತ ಮನಸ್ಸು ಎಳೆಯುತ್ತದೆ. ಬಿಡಬೇಡಿ. ಹಸಿಯಾಗಿಯೇ ಸಾಸಿಗೆ ಬಿಟ್ಟ ಉಂಡೆಯಿಂದ ಬೂದು ನೊರೆ ಬಿಡುತ್ತದೆ, ಕೊಬ್ಬೆಲ್ಲ ಸಾಸಿಗೇ ಇಳಿಯುತ್ತದೆ, ಹೊರಮೈ ಗಟ್ಟಿಯಾಗುವ ಮೊದಲೇ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಒವನ್ ಇದ್ದರೆ ಅದೇ ಸುಲಭ. 220 ಡಿಗ್ರಿಗೆ ಮೊದಲೇ ಕಾಯಿಸಿ. ಟ್ರೇ ಮೇಲೆ ಬೇಕಿಂಗ್ ಕಾಗದ ಹಾಸಿ, ಉಂಡೆಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು 12ರಿಂದ 15 ನಿಮಿಷ. ಮೇಲ್ಭಾಗ ಕಂದಾಗಿ, ಕೆಳಗೆ ಕೊಬ್ಬು ಕರಗಿ ನಿಂತಿರುತ್ತದೆ. ಆ ಕೊಬ್ಬನ್ನು ಟ್ರೇಯಲ್ಲೇ ಬಿಟ್ಟು ಉಂಡೆಗಳನ್ನಷ್ಟೇ ಎತ್ತಿಕೊಳ್ಳಿ. ಸಾಸಿನ ಮೇಲೆ ತೇಲಬೇಕಾಗಿದ್ದ ಎಣ್ಣೆಯಲ್ಲಿ ದೊಡ್ಡ ಪಾಲು ಅಲ್ಲೇ ಕಳೆಯಿತು.

ಬಾಣಲೆಯಲ್ಲಾದರೆ ಒಂದು ಚಮಚ ಎಣ್ಣೆ ಸಾಕು. ಮೂರು ಕಂತು ಮಾಡಿ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಬಾಣಲೆ ತಣ್ಣಗಾಗಿ, ಉಂಡೆ ಬಿಟ್ಟ ನೀರಿನಲ್ಲೇ ಬೇಯುತ್ತವೆ. ಹಾಕಿದ ಕೂಡಲೇ ಅಲುಗಿಸಬೇಡಿ. ತಳ ಕೆಂಪಗಾದರೆ ಉಂಡೆ ತಾನಾಗಿಯೇ ಬಾಣಲೆ ಬಿಡುತ್ತದೆ. ಎಳೆದರೆ ಬರುತ್ತಿಲ್ಲ ಅಂದರೆ ಇನ್ನೂ ಆಗಿಲ್ಲ ಅಂತ ಅರ್ಥ. ಒಂದು ಕಂತಿಗೆ ಐದಾರು ನಿಮಿಷ. ಒಳಗೆ ಹಸಿ ಇದ್ದರೂ ಪರವಾಗಿಲ್ಲ.

ಆದರೆ ಹೀಗೆ ಅರ್ಧ ಬೆಂದ ಉಂಡೆಯನ್ನು ನಾಳೆಗೆ ಅಂತ ಎತ್ತಿಡಬಾರದು. ಒಳಗಿನ ಸೂಕ್ಷ್ಮಜೀವಿ ಸಾಯುವಷ್ಟು ಬಿಸಿ ಅದಕ್ಕೆ ಮುಟ್ಟಿರುವುದಿಲ್ಲ, ಬೆಳೆಯಲು ಬೇಕಾದ ಬೆಚ್ಚಗೆ ಮಾತ್ರ ಸಿಕ್ಕಿರುತ್ತದೆ. ಬಾಣಲೆಯಿಂದ ನೇರವಾಗಿ ಕುಕ್ಕರಿಗೆ. ಹಿಂದಿನ ದಿನವೇ ಮಾಡಿಡಬೇಕು ಅಂದರೆ ಪೂರ್ತಿ ಬೇಯಿಸಿ, ಆರಿಸಿ, ಫ್ರಿಜ್ಜಿಗಿಡಿ.

ಅನಾನಸ್ಸಿನ ಗುಟ್ಟು

ನನ್ನ ಮೊದಲ ಸಲದ ಉಂಡೆ ಹಿಟ್ಟಾದದ್ದು ಯಾಕೆ ಅಂತ ಗೊತ್ತಾಗಲು ನನಗೆ ಇನ್ನೂ ಒಂದು ಸಲ ಕೆಡಿಸಬೇಕಾಯಿತು. ಕಲಸಿದ್ದು ಸರಿ, ಕೆಂಪಗೆ ಹುರಿದದ್ದೂ ಸರಿ, ಆದರೂ ಹೊರಮೈ ಲೋಳೆ ಲೋಳೆ. ಎರಡು ಸಲವೂ ಹಸಿ ಅನಾನಸ್ ಹಾಕಿದ್ದೆ ಅಂತ ಹೊಳೆದದ್ದು ಆಮೇಲೆ.

ಹಸಿ ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ. ಪ್ರೋಟೀನನ್ನು ಕತ್ತರಿಸುವುದೇ ಅದರ ಕೆಲಸ. ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಉರಿಯುತ್ತದಲ್ವಾ, ಅದರಲ್ಲೂ ಇದರ ಕೈವಾಡ ಇದೆ. ಕುದಿಯುವ ಬಾಣಲೆಗೆ ಹಾಕಿದರೆ ಈ ಕಿಣ್ವ ಬೇಗ ಸತ್ತುಹೋಗುತ್ತದೆ. ಸ್ಲೋ ಕುಕ್ಕರಿನಲ್ಲಿ ಹಾಗಲ್ಲ. ಇದು ಚುರುಕಾಗಿ ಕೆಲಸ ಮಾಡುವುದು 50, 60 ಡಿಗ್ರಿಯ ಆಸುಪಾಸಿನಲ್ಲಿ, ಕುಕ್ಕರ್ ತೀರಾ ನಿಧಾನವಾಗಿ ದಾಟುವುದೂ ಅದೇ ಹಂತವನ್ನು. ಅಷ್ಟು ಹೊತ್ತೂ ಅದು ಮಾಂಸವನ್ನು ಕಡಿಯುತ್ತಲೇ ಇರುತ್ತದೆ.

ಡಬ್ಬಿಯ ಅನಾನಸ್ಸನ್ನು ಡಬ್ಬಿಗೆ ತುಂಬುವಾಗ ಬಿಸಿ ಮಾಡಿರುತ್ತಾರೆ, ಅದರ ಕಿಣ್ವ ಆಗಲೇ ಹೋಗಿರುತ್ತದೆ. ಅದಕ್ಕೇ ಇಲ್ಲಿ ಡಬ್ಬಿಯದ್ದೇ ವಾಸಿ. ಹಣ್ಣೇ ಬೇಕು ಅನ್ನುವವರು ಹೋಳು ಮತ್ತು ರಸವನ್ನು ಐದು ನಿಮಿಷ ಚೆನ್ನಾಗಿ ಕುದಿಸಿಕೊಳ್ಳಿ. ಫ್ರೀಜರಿನಲ್ಲಿಟ್ಟ ಅನಾನಸ್ ಆದರೂ ಕುದಿಸಲೇಬೇಕು, ಚಳಿಗೆ ಈ ಕಿಣ್ವ ಸಾಯುವುದಿಲ್ಲ.

ಸಾಸ್, ಮತ್ತು ಕುಕ್ಕರಿಗೆ ಹಾಕುವುದು

ಅನಾನಸ್ ರಸ, ಕೆಚಪ್, 60 ಮಿ.ಲೀ. ವಿನೆಗರ್, ಬ್ರೌನ್ ಶುಗರ್, ಸೋಯಾ, ಶುಂಠಿ, ಬೆಳ್ಳುಳ್ಳಿ, ಮೆಣಸಿನ ತರಿ ಎಲ್ಲವನ್ನೂ ಒಂದು ಪಾತ್ರೆಯಲ್ಲಿ ಹಾಕಿ ಒಲೆಯ ಮೇಲೆ ಕುದಿ ಬರಿಸಿ. ಸಕ್ಕರೆ ಕರಗಿ ಎರಡು ಮೂರು ನಿಮಿಷ ಕುದಿದರೆ ಸಾಕು. ಬಾಣಲೆಯಲ್ಲಿ ಉಂಡೆ ಹುರಿದಿದ್ದರೆ ಕೊಬ್ಬು ಚೆಲ್ಲಿ ಅದೇ ಬಾಣಲೆಯಲ್ಲಿ ಸಾಸ್ ಕುದಿಸಿ. ತಳಕ್ಕೆ ಹಿಡಿದ ಕಂದು ಪದರವನ್ನು ಮರದ ಸೌಟಿನಿಂದ ಕೆರೆದು ಸೇರಿಸಿ. ರುಚಿ ಇರುವುದೇ ಅದರಲ್ಲಿ.

ತಣ್ಣನೆಯ ಸಾಸ್ ಹಾಕಿದರೆ ಏನಾಗುತ್ತದೆ ಅಂದರೆ, ಕುಕ್ಕರ್ ಬಿಸಿಯಾಗಲು ಗಂಟೆಗಟ್ಟಲೆ ತೊಗೊಳ್ಳುತ್ತದೆ. 5ರಿಂದ 60 ಡಿಗ್ರಿಯ ನಡುವೆ ಮಾಂಸ ಜಾಸ್ತಿ ಹೊತ್ತು ಇರಬಾರದು, ಸೂಕ್ಷ್ಮಜೀವಿಗಳು ಬೆಳೆಯುವುದು ಅಲ್ಲೇ. ಬಿಸಿ ಉಂಡೆಗೆ ಬಿಸಿ ಸಾಸ್ ಸುರಿದರೆ ಆ ಹಂತವನ್ನು ಬೇಗ ದಾಟಿದ ಹಾಗಾಯಿತು. ಆದರೆ ಫ್ರಿಜ್ಜಿನಿಂದ ತೆಗೆದ ಪಿಂಗಾಣಿ ಪಾತ್ರೆಗೆ ಕುದಿಯುವ ಸಾಸ್ ಸುರಿಯಬೇಡಿ, ಬಿರುಕು ಬಿಡುತ್ತದೆ. ಪಾತ್ರೆ ರೂಮಿನ ಬಿಸಿಗೆ ಬಂದಿರಲಿ. ಕೆಲಸ ಶುರುಮಾಡುವಾಗಲೇ ಕುಕ್ಕರ್ ಹಚ್ಚಿಟ್ಟರೆ ಇನ್ನೂ ಒಳ್ಳೆಯದು.

ಉಂಡೆಗಳನ್ನು ಎರಡು ಪದರವಾಗಿ ಜೋಡಿಸಿ ಮೇಲಿಂದ ಸಾಸ್ ಸುರಿಯಿರಿ. ಪೂರ್ತಿ ಮುಳುಗದಿದ್ದರೆ ಗಾಬರಿ ಬೇಡ, ನೀರು ಸೇರಿಸಲೂ ಹೋಗಬೇಡಿ. ಉಂಡೆ ಬಿಟ್ಟ ರಸದಿಂದ ಒಂದು ಗಂಟೆಯಲ್ಲಿ ಮಟ್ಟ ತಾನಾಗಿ ಏರುತ್ತದೆ. ಮೇಲಿನ ಪದರ ಹಬೆಯಲ್ಲೇ ಬೇಯುತ್ತದೆ.

ಲೋನಲ್ಲಿ 4 ಗಂಟೆ, ಹೈನಲ್ಲಿ 2 ಗಂಟೆ. ಬೆಳಿಗ್ಗೆಯಿಂದ ಸಂಜೆವರೆಗೆ ಎಂಟು ಗಂಟೆ ಬಿಡುವ ಅಡುಗೆ ಇದಲ್ಲ. ಗಟ್ಟಿ ಮಾಂಸದ ದೊಡ್ಡ ತುಂಡಿಗೆ ಎಂಟು ಗಂಟೆ ಬೇಕು, ಅದರಲ್ಲಿನ ನಾರು ಕರಗಲು. ಕೈಮಾವನ್ನು ಯಂತ್ರ ಆಗಲೇ ಕತ್ತರಿಸಿ ಕೊಟ್ಟಿದೆ. ಅದಕ್ಕೆ ಬೇಕಿರುವುದು ಬೇಯುವಷ್ಟು ಬಿಸಿ, ಸಾಸ್ ಹಿಡಿಯುವಷ್ಟು ಹೊತ್ತು. ಹೊರಗೆ ಹೋಗಲೇಬೇಕು ಅಂದರೆ ಟೈಮರ್ ಇರುವ ಕುಕ್ಕರಿನಲ್ಲಿ 4 ಗಂಟೆಗೆ ಇಡಿ, ಆಮೇಲೆ ಅದು ವಾರ್ಮಿಗೆ, ಅಂದರೆ ಬರೀ ಬಿಸಿ ಕಾಯುವ ಹಂತಕ್ಕೆ, ತಿರುಗುತ್ತದೆ.

ಮುಚ್ಚಳ ತೆಗೆದು ನೋಡುವ ಚಪಲ ನನಗೂ ಇದೆ. ಒಂದು ಸಲ ತೆಗೆದರೆ ಹೋದ ಬಿಸಿ ವಾಪಸ್ ಬರಲು 15, 20 ನಿಮಿಷ ಬೇಕು. ಗಾಜಿನ ಮುಚ್ಚಳಕ್ಕೆ ಹಬೆ ಹಿಡಿದು ಏನೂ ಕಾಣದಿದ್ದರೆ ಮುಚ್ಚಳವನ್ನು ಮೆಲ್ಲಗೆ ಅಲ್ಲಾಡಿಸಿ, ಹನಿ ಜಾರಿ ಒಳಗೆ ಕಾಣುತ್ತದೆ. ಸೌಟು ಹಾಕಿ ತಿರುಗಿಸುವುದಂತೂ ಮೊದಲ ಎರಡು ಗಂಟೆ ಬೇಡವೇ ಬೇಡ.

ಕೊನೆಯ ಮುಕ್ಕಾಲು ಗಂಟೆ

ಈ ಅಡುಗೆ ನಿಲ್ಲುವುದೂ ಬೀಳುವುದೂ ಇಲ್ಲಿ.

ಮೊದಲು ಒಂದು ಉಂಡೆಯ ನಡುವಿಗೆ ಥರ್ಮಾಮೀಟರ್ ಚುಚ್ಚಿ ನೋಡಿ. ದನ, ಹಂದಿ, ಕುರಿಯ ಕೈಮಾ ಆದರೆ 71 ಡಿಗ್ರಿ, ಕೋಳಿ ಆದರೆ 74 ಡಿಗ್ರಿ ಮುಟ್ಟಿರಬೇಕು. ನಾಲ್ಕು ಗಂಟೆಯಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಬಣ್ಣ ನೋಡಿ ಬೆಂದಿದೆ ಅಂತ ನಿರ್ಧರಿಸಬೇಡಿ. ಬೆಂದ ಕೈಮಾ ಗುಲಾಬಿಯಾಗಿ ಕಾಣಬಹುದು, ಬೇಯದ್ದು ಕಂದಾಗಿಯೂ ಕಾಣಬಹುದು.

ಕುಕ್ಕರನ್ನು ಹೈಗೆ ತಿರುಗಿಸಿ. ಮೇಲೆ ತೇಲುವ ಕೊಬ್ಬನ್ನು ಅಗಲ ಚಮಚದಿಂದ ತೆಗೆದುಬಿಡಿ. ಕಾರ್ನ್‌ಫ್ಲೋರ್ ಹಾಕುವ ಮೊದಲೇ ಇದು ಆಗಬೇಕು. ಸಾಸ್ ಗಟ್ಟಿಯಾದ ಮೇಲೆ ಕೊಬ್ಬು ಅದರೊಳಗೆ ಬೆರೆತು ಕೈಗೆ ಸಿಗುವುದಿಲ್ಲ.

ಒಂದು ಇಂಚಿನ ಹೋಳು ಮಾಡಿದ ಕ್ಯಾಪ್ಸಿಕಂ, ಅನಾನಸ್ ಈಗ ಹಾಕಿ. ಹುಳಿ ಇರುವ ಸಾಸಿನಲ್ಲಿ ತರಕಾರಿ ಮೆತ್ತಗಾಗುವುದು ನಿಧಾನ. ಹಾಗಾಗಿ ಮುಕ್ಕಾಲು ಗಂಟೆಯಲ್ಲಿ ಕ್ಯಾಪ್ಸಿಕಂ ಹಸಿವಾಸನೆ ಕಳೆದುಕೊಂಡರೂ ಹಲ್ಲಿಗೆ ಕಟುಂ ಅನ್ನುತ್ತದೆ. ಇದೇ ಹುಳಿ ಕ್ಯಾರೆಟ್ಟಿನ ವಿಷಯದಲ್ಲಿ ತೊಂದರೆ ಕೊಡುತ್ತದೆ. ನಾಲ್ಕು ಗಂಟೆ ಬೆಂದರೂ ಕ್ಯಾರೆಟ್ ಗಟ್ಟಿ ಗಟ್ಟಿ. ಅದು ಬೇಕೇ ಬೇಕು ಅಂದರೆ ಬರೀ ನೀರಿನಲ್ಲಿ ಬೇಯಿಸಿ ಹಾಕಿ. ಉಂಡೆಗೆ ಹಾಕುವ ಈರುಳ್ಳಿಯನ್ನು ಮೊದಲೇ ಬಾಡಿಸಿಕೊಳ್ಳಿ ಅಂದದ್ದೂ ಇದಕ್ಕೇ.

ಇನ್ನು ಕಾರ್ನ್‌ಫ್ಲೋರ್. ಅದನ್ನು ತಣ್ಣೀರಿನಲ್ಲಿ ಕದಡಿ, ಬಿಸಿನೀರಾದರೆ ಗಂಟಾಗುತ್ತದೆ. ಒಂದು ನಿಮಿಷ ಬಿಟ್ಟರೆ ಹಿಟ್ಟು ತಳದಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ, ಸುರಿಯುವ ಮುನ್ನ ಮತ್ತೆ ಕದಡಬೇಕು. ಶುರುವಿನಲ್ಲೇ ಯಾಕೆ ಹಾಕಬಾರದು ಅಂದರೆ, ಹುಳಿ ಮತ್ತು ಬಿಸಿ ಎರಡೂ ಸೇರಿ ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡು ಮಾಡುತ್ತವೆ. ಮೊದಲು ಗಟ್ಟಿಯಾದ ಸಾಸ್ ಗಂಟೆ ಕಳೆದ ಹಾಗೆ ಮತ್ತೆ ನೀರಾಗುತ್ತದೆ.

ಹಾಕಲು ಎರಡು ದಾರಿ ಇದೆ. ಕುಕ್ಕರಿಗೇ ಸುರಿದು, ಮೆಲ್ಲಗೆ ಕಲಕಿ, ಹೈನಲ್ಲಿ 30 ನಿಮಿಷ ಬಿಡುವುದು ಒಂದು. ಅಂಚಿನಲ್ಲಿ ಗುಳ್ಳೆ ಏಳುತ್ತಿರಬೇಕು, ಇಲ್ಲದಿದ್ದರೆ ಹಿಟ್ಟಿನ ಹಸಿ ರುಚಿ ಉಳಿಯುತ್ತದೆ. ನನಗೆ ಎರಡನೇ ದಾರಿಯೇ ಇಷ್ಟ. ಒಂದು ಪಾತ್ರೆ ಜಾಸ್ತಿ ತೊಳೆಯಬೇಕು ಅಷ್ಟೇ. ಸಾಸನ್ನು ಆದಷ್ಟು ಸೌಟಿನಿಂದ ಎತ್ತಿ ಬಾಣಲೆಗೆ ಹಾಕಿ, ಕುದಿ ಬರಿಸಿ, ಕಾರ್ನ್‌ಫ್ಲೋರ್ ನೀರು ಸುರಿದು ಕೈಬಿಡದೆ ಒಂದು ನಿಮಿಷ ಕಲಕಿ. ಮಸುಕಾಗಿದ್ದ ಸಾಸ್ ಕಣ್ಣೆದುರೇ ತಿಳಿಯಾಗಿ ಹೊಳೆಯಲು ಶುರುವಾಗುತ್ತದೆ. ಆ ಹೊಳಪು ಬಂದರೆ ಪಿಷ್ಟ ಬೆಂದಿದೆ ಅಂತ. ಮತ್ತೆ ಕುಕ್ಕರಿಗೆ ಸುರಿಯಿರಿ. ನೀರಿನಂತಿದ್ದರೆ ಇನ್ನೂ ಅರ್ಧ ಚಮಚ ಸೇರಿಸುವುದು ಇಲ್ಲಿ ಸುಲಭ. ಚಮಚದ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳದೆ ನಿಲ್ಲಬೇಕು. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ, ಹಾಗಾಗಿ ಸ್ವಲ್ಪ ಸಡಿಲವಾಗಿರುವಾಗಲೇ ಸಾಕು ಮಾಡಿ.

ಎತ್ತಿಟ್ಟ 20 ಮಿ.ಲೀ. ವಿನೆಗರ್ ಈಗ ಹಾಕಿ. ಗಂಟೆಗಟ್ಟಲೆ ಬೆಂದ ಹುಳಿ ಮಂಕಾಗಿರುತ್ತದೆ, ಮೂಗಿಗೆ ಹೊಡೆಯುವ ಚುರುಕು ಇರುವುದಿಲ್ಲ. ಈ ಒಂದು ಚಮಚ ಅದನ್ನು ವಾಪಸ್ ತರುತ್ತದೆ. ಆಮೇಲೆ ಒಂದು ಚಮಚ ಸಾಸನ್ನು ತಟ್ಟೆಗೆ ಹಾಕಿ ಉಗುರುಬೆಚ್ಚಗಾದ ಮೇಲೆ ರುಚಿ ನೋಡಿ. ನಾಲಿಗೆ ಸುಡುವ ಬಿಸಿಯಲ್ಲಿ ಸಿಹಿ, ಹುಳಿ ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ಮೊದಲು ಸಿಹಿ ತಗಲಿ, ನುಂಗುವಾಗ ಹುಳಿ ಕೆನ್ನೆಯ ಬದಿಗೆ ಚುರ್ ಅನ್ನಬೇಕು. ಸಿಹಿಯೇ ನಾಲಿಗೆ ಮೇಲೆ ನಿಂತುಬಿಟ್ಟರೆ ಒಂದೊಂದೇ ಟೀ ಚಮಚ ವಿನೆಗರ್ ಸೇರಿಸುತ್ತಾ ಹೋಗಿ. ಹುಳಿ ಜಾಸ್ತಿಯಾದರೆ ಸಕ್ಕರೆ. ಎರಡೂ ಸರಿಯಿದ್ದು ಏನೋ ಕಮ್ಮಿ ಅನಿಸಿದರೆ ಬೇಕಿರುವುದು ಬಹುತೇಕ ಸೋಯಾ ಸಾಸ್, ಅಂದರೆ ಉಪ್ಪು.

ಕೈಗೆ ಬಿಡುವಿಲ್ಲದ ದಿನಕ್ಕೆ

ಬೇಯಿಸಿ ಫ್ರೀಜ್ ಮಾಡಿದ ರೆಡಿಮೇಡ್ ಮೀಟ್‌ಬಾಲ್ ಬಳಸಬಹುದು. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ. ಮಂಜುಗಡ್ಡೆಯಂಥ ಮಾಂಸವನ್ನು ಸ್ಲೋ ಕುಕ್ಕರಿಗೆ ನೇರವಾಗಿ ಹಾಕಿದರೆ ಅದು 5ರಿಂದ 60 ಡಿಗ್ರಿಯ ಆ ಅಪಾಯದ ಹಂತದಲ್ಲೇ ತುಂಬಾ ಹೊತ್ತು ಕಳೆಯುತ್ತದೆ. ಆಗಲೇ ಬೆಂದಿರುವುದರಿಂದ ಲೋನಲ್ಲಿ ಎರಡರಿಂದ ಮೂರು ಗಂಟೆ ಸಾಕು.

ಅಮೆರಿಕದ ಪಾರ್ಟಿಗಳಲ್ಲಿ ಇದಕ್ಕೂ ಸೋಮಾರಿ ದಾರಿಯೊಂದಿದೆ. ದ್ರಾಕ್ಷಿ ಜೆಲ್ಲಿ ಮತ್ತು ಚಿಲ್ಲಿ ಸಾಸ್ ಹೆಚ್ಚು ಕಮ್ಮಿ ಸಮ ಸಮ ಸೇರಿಸಿ ಮೀಟ್‌ಬಾಲ್ ಮೇಲೆ ಸುರಿಯುವುದು, ಅಷ್ಟೇ. ಕೇಳಲು ವಿಚಿತ್ರ ಅನಿಸುತ್ತದೆ, ಆದರೆ ಲೆಕ್ಕ ಸರಿಯಿದೆ. ಜೆಲ್ಲಿಯ ಸಿಹಿ ಒಂದು ಕಡೆ, ಸಾಸಿನ ಟೊಮೆಟೊ-ವಿನೆಗರ್ ಇನ್ನೊಂದು ಕಡೆ. ಒಂದು ಎಚ್ಚರಿಕೆ: ಅವರು ಚಿಲ್ಲಿ ಸಾಸ್ ಅನ್ನುವುದು ಖಾರವೇ ಇಲ್ಲದ, ಕೆಚಪ್ಪಿನ ಸೋದರಸಂಬಂಧಿಯಂಥ ಟೊಮೆಟೊ ಸಾಸಿಗೆ. ನಾವು ಚಿಲ್ಲಿ ಸಾಸ್ ಅನ್ನುವ ಖಾರದ ಬಾಟಲಿಯನ್ನು ಅದೇ ಅಳತೆಯಲ್ಲಿ ಸುರಿದರೆ ತಿನ್ನಲಾಗುವುದಿಲ್ಲ. ನನಗೆ ಈ ಜೆಲ್ಲಿ ದಾರಿ ಸಿಹಿ ಜಾಸ್ತಿಯಾಯಿತು, ಎರಡು ಚಮಚ ವಿನೆಗರ್ ಹಾಕಿದ ಮೇಲೆ ಸರಿಹೋಯಿತು.

ಬಡಿಸುವುದು, ಉಳಿದದ್ದು

ಬಿಳಿ ಅನ್ನದ ಜೊತೆ ಚೆನ್ನಾಗಿರುತ್ತದೆ. ಕಡ್ಡಿ ಚುಚ್ಚಿ ಬಾಯಾಡಿಸಲು ಕೊಡುವುದಾದರೆ ಉಂಡೆಯನ್ನು 20 ಗ್ರಾಮಿಗೆ ಇಳಿಸಿ, ಲೋನಲ್ಲಿ ಮೂರು ಗಂಟೆ ಸಾಕು. ಜನ ಬಂದು ಹೋಗುತ್ತಿರುವಾಗ ಕುಕ್ಕರನ್ನು ವಾರ್ಮಿನಲ್ಲಿ ಇಡಬಹುದು, ಸಾಸ್ 60 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಸರಿ. ಎರಡು ಗಂಟೆ ದಾಟಿದರೆ ಸಾಸ್ ಸಡಿಲವಾಗುತ್ತಾ ಬರುತ್ತದೆ, ಆಗಾಗ ಅಂಚನ್ನು ಕೆರೆದು ಕಲಕುತ್ತಿರಿ.

ಉಳಿದದ್ದನ್ನು ಪಿಂಗಾಣಿ ಪಾತ್ರೆ ಸಮೇತ ಫ್ರಿಜ್ಜಿಗೆ ಇಡಬೇಡಿ. ದಪ್ಪ ಪಾತ್ರೆ, ಬಿಸಿ ಇಳಿಯುವುದೇ ಇಲ್ಲ. ಅಗಲ ಡಬ್ಬಿಗೆ ತೆಳ್ಳಗೆ ಹರಡಿ, ಕುಕ್ಕರ್ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಎರಡನೇ ದಿನ ಉಂಡೆಯೊಳಗೂ ಸಾಸ್ ಇಳಿದು ರುಚಿ ಇನ್ನೂ ಏರಿರುತ್ತದೆ. ಮತ್ತೆ ಬಿಸಿ ಮಾಡುವುದು ಒಲೆಯ ಮೇಲೆ, ನಡುಭಾಗ 74 ಡಿಗ್ರಿ ಮುಟ್ಟುವವರೆಗೆ. ಸ್ಲೋ ಕುಕ್ಕರಿನಲ್ಲಿ ಮತ್ತೆ ಬಿಸಿ ಮಾಡಲು ಹೋದರೆ ತೀರಾ ನಿಧಾನ.

ಫ್ರೀಜರಿಗೆ ಇಡುವ ಯೋಚನೆ ಇದ್ದರೆ ಕಾರ್ನ್‌ಫ್ಲೋರ್ ಹಾಕುವ ಮೊದಲೇ ಆ ಪಾಲನ್ನು ತೆಗೆದಿಡಿ. ಕಾರ್ನ್‌ಫ್ಲೋರಿನ ಸಾಸ್ ಫ್ರೀಜ್ ಆಗಿ ಕರಗಿದಾಗ ಸ್ಪಂಜಿನ ಹಾಗೆ ಒಡೆದು ನೀರು ಬಿಡುತ್ತದೆ. ಕ್ಯಾಪ್ಸಿಕಂ ಕೂಡ ಬೇಡ, ಅದು ಬೆಚ್ಚಗಾದ ಮೇಲೆ ಜೋತುಬೀಳುತ್ತದೆ. ಉಂಡೆ ಮತ್ತು ತೆಳು ಸಾಸನ್ನಷ್ಟೇ ಡಬ್ಬಿಗೆ ತುಂಬಿ, ಮೇಲೆ ತಾರೀಕು ಬರೆದು ಇಟ್ಟರೆ ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತದೆ. ತಿನ್ನುವ ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ, ಮಾರನೇ ದಿನ ಬಾಣಲೆಯಲ್ಲಿ ಕುದಿ ಬರಿಸಿ, ಹೊಸ ಕ್ಯಾಪ್ಸಿಕಂ, ಕಾರ್ನ್‌ಫ್ಲೋರ್, ಒಂದು ಚಮಚ ವಿನೆಗರ್ ಹಾಕಿದರೆ ಹತ್ತು ನಿಮಿಷದಲ್ಲಿ ಊಟಕ್ಕೆ ಸಿದ್ಧ.